ಬೊಕ್ಕಸದ ನೆರವು ಮತ್ತು ಅಧಿಕಾರಿಗಳ ಬೋನಸ್ಸು: ದೂರವಾಣಿನಗರದ ಒಂದು ನಿದರ್ಶನ

1

ನಷ್ಟದಲ್ಲಿ ಮುಳುಗುತ್ತಿರುವ ಉದ್ದಿಮೆಯೊಂದನ್ನು ಸರ್ಕಾರವು ತೆರಿಗೆದಾರರ ಹಣದಿಂದ ಮೇಲೆತ್ತಿ ನಿಲ್ಲಿಸಿದ ಮೇಲೆ, ಅದರ ಮೇಲಧಿಕಾರಿಗಳಿಗೆ ಸಂಬಳದ ಜೊತೆಗೆ ಬೋನಸ್ಸನ್ನೂ ಕೊಡಬಹುದೆ? ಕೊಡಬಹುದಾದರೆ ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಯು ನೀತಿಶಾಸ್ತ್ರಕ್ಕೆ ಸೇರಿದುದೆಂದು ಮೇಲುನೋಟಕ್ಕೆ ತೋರಿದರೂ, ಚರಿತ್ರೆಯ ವಿದ್ಯಾರ್ಥಿಗೆ ಇದು ಮೊದಲಾಗಿ ಲೆಕ್ಕಪತ್ರದ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನ ದಂಡುಪ್ರದೇಶದಿಂದ ಪೂರ್ವಕ್ಕೆ ಹಬ್ಬಿರುವ ಕೈಗಾರಿಕಾ ಪ್ರದೇಶದ ನಿದರ್ಶನಗಳ ಮೂಲಕ ಇದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವು ಲೋಕದ ಗಮನವನ್ನು ಸೆಳೆದದ್ದು 2009ರಲ್ಲಿ. ಅಮೆರಿಕದ ಎಐಜಿ ಎಂಬ ವಿಮಾಸಂಸ್ಥೆಯು 2008ರ ಸೆಪ್ಟೆಂಬರಿನಲ್ಲಿ ಕುಸಿಯುವ ಸ್ಥಿತಿಗೆ ಬಂದಾಗ ಅಲ್ಲಿನ ಸರ್ಕಾರವು ಮೊದಲು 85 ಶತಕೋಟಿ ಡಾಲರುಗಳ ಸಾಲದ ವ್ಯವಸ್ಥೆಯನ್ನು ಮಾಡಿತು. ಮುಂದೆ ನೆರವಿನ ಒಟ್ಟು ಮೊತ್ತವು ಸುಮಾರು 182 ಶತಕೋಟಿ ಡಾಲರುಗಳ ಮಟ್ಟಕ್ಕೇರಿತು. ಹೀಗಿರಲು 2009ರ ಮಾರ್ಚಿಯಲ್ಲಿ ಆ ಸಂಸ್ಥೆಯು, ತನ್ನ ನಷ್ಟಕ್ಕೆ ಮುಖ್ಯ ಕಾರಣವಾಗಿದ್ದ ವಿಭಾಗದ ನೌಕರರಿಗೇ ಸುಮಾರು 165 ದಶಲಕ್ಷ ಡಾಲರುಗಳ ಬೋನಸ್ಸನ್ನು ಹಂಚಿತು. ಕರಾರುಗಳು ನೆರವಿಗಿಂತ ಮುಂಚೆಯೇ ಆಗಿದ್ದವು, ಅವನ್ನು ಮುರಿಯಲಾಗದು ಎಂಬುದು ಸಂಸ್ಥೆಯ ಸಮರ್ಥನೆ. ನೆರವು ಬಾರದಿದ್ದರೆ ಕರಾರಿಗೂ ಹಣಕ್ಕೂ ಬೆಲೆಯೆಲ್ಲಿ ಉಳಿಯುತ್ತಿತ್ತು ಎಂಬುದು ಜನರ ಪ್ರಶ್ನೆ. ಅಂತಹ ಬೋನಸ್ಸಿಗೆ ನೂರಕ್ಕೆ 90ರಷ್ಟು ತೆರಿಗೆ ಹಾಕುವ ಮಸೂದೆಯನ್ನು ಪ್ರತಿನಿಧಿಗಳ ಸಭೆ ಅದೇ ತಿಂಗಳಲ್ಲಿ ಒಪ್ಪಿತಾದರೂ ಅದು ಕಾನೂನಾಗಲಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರದ ನೆರವಿನಿಂದ ಉಳಿದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ನಿವೃತ್ತ ಮುಖ್ಯಾಧಿಕಾರಿ ಫ್ರೆಡ್ ಗುಡ್ವಿನ್ ಅವರ ನಿವೃತ್ತಿವೇತನದ ಬಗ್ಗೆಯೂ ಇದೇ ಬಗೆಯ ವಾದವೆದ್ದು, ಅದನ್ನು 2009ರ ಜೂನಿನಲ್ಲಿ ಅವರು ಸುಮಾರು ಅರ್ಧಕ್ಕೆ ಇಳಿಸಿಕೊಳ್ಳಬೇಕಾಯಿತು.

ಈ ಎರಡು ಪ್ರಸಂಗಗಳಲ್ಲಿಯೂ ಜನರು ಕೆರಳಿದ್ದಕ್ಕೆ ಮೊತ್ತದ ಗಾತ್ರವೊಂದೇ ಕಾರಣವಲ್ಲ. ಬೊಕ್ಕಸದ ಹಣ ಬಂದಾಗ ಅದರ ಮೇಲೆ ಮೊದಲ ಹಕ್ಕು ಯಾರದು ಎಂಬ ಸರದಿಯ ಪ್ರಶ್ನೆಯೇ ಅಲ್ಲಿ ಮುಖ್ಯವಾಗಿತ್ತು. ನಮ್ಮ ನಾಡಿನಲ್ಲಿ ಈ ಸರದಿ ಹೇಗೆ ಏರ್ಪಟ್ಟಿದೆ ಎಂಬುದನ್ನು ಈಗ ನೋಡೋಣ.

2

ಹಲಸೂರಿನಿಂದ ಹೊರಟ ಹಳೆಯ ಮದರಾಸು ರಸ್ತೆಯು ಇಂದಿರಾನಗರದ ಅಂಚನ್ನೂ ಬೈಯಪ್ಪನಹಳ್ಳಿಯನ್ನೂ ದಾಟಿ ಕೃಷ್ಣರಾಜಪುರದತ್ತ ಸಾಗುತ್ತದೆ. ದಂಡುಪ್ರದೇಶವು 1947ರ ಜುಲೈನಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ ಬಂದಿತು. ಅದರ ಮರುವರ್ಷವೇ, ಅಂದರೆ 1948ರಲ್ಲಿ, ಈ ರಸ್ತೆಯ ಮಗ್ಗುಲಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಕಾರ್ಖಾನೆ ಹುಟ್ಟಿತು. ಅದನ್ನು ಜನರು ಐಟಿಐ ಎಂದೇ ಕರೆಯುತ್ತಾರೆ. ಸ್ವಾತಂತ್ರ್ಯಾನಂತರ ಸ್ಥಾಪಿತವಾದ ಸಾರ್ವಜನಿಕ ಉದ್ದಿಮೆಗಳಲ್ಲಿ ಇದೇ ಮೊದಲನೆಯದು. 1950ರ ಜನವರಿಯಲ್ಲಿ ಇದು ಕಂಪನಿಯ ರೂಪವನ್ನು ತಾಳಿತು. ಕಾರ್ಮಿಕರ ವಸತಿಗಾಗಿ ಬೆಳೆದ ಊರಿಗೆ ದೂರವಾಣಿನಗರವೆಂಬ ಅಚ್ಚುಕಟ್ಟಾದ ಹೆಸರು ನಿಂತಿತು.

ಇದೇ ಪೂರ್ವದಿಕ್ಕಿನಲ್ಲಿ, ಹಳೆಯ ವಿಮಾನನಿಲ್ದಾಣದ ಕಡೆಗೆ, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದ್ದರು. ಯುದ್ಧದ ಒತ್ತಡದಲ್ಲಿ ಭಾರತ ಸರ್ಕಾರವು 1941ರಲ್ಲಿ ಅದರ ಪಾಲುದಾರನಾಗಿ, 1942ರಲ್ಲಿ ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರುಗಳನ್ನೂ ವಿದ್ಯುತ್ ಮೋಟಾರುಗಳನ್ನೂ ತಯಾರಿಸುತ್ತಿದ್ದ ರಾಜ್ಯ ಸರ್ಕಾರದ ಎನ್‌ಜಿಇಎಫ್ ಕಾರ್ಖಾನೆ ಜರ್ಮನಿಯ ಎಇಜಿ ಸಂಸ್ಥೆಯ ಸಹಕಾರದಿಂದ ಬೆಳೆಯಿತು. ಮೂರೂ ಸಾರ್ವಜನಿಕ ಬಂಡವಾಳದ ಉದ್ದಿಮೆಗಳಾದರೂ ಅವುಗಳ ಗತಿ ಮೂರು ತೆರನಾಯಿತು. ವಿಮಾನ ಕಾರ್ಖಾನೆಯು ಇಂದು ಲಾಭದ ಉದ್ದಿಮೆ. 2024ರಲ್ಲಿ ಅದಕ್ಕೆ ಮಹಾರತ್ನದ ದರ್ಜೆ ದೊರೆಯಿತು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಮುಚ್ಚಿತು. ಅದರ ನೆಲದ ಒಂದು ಭಾಗದಲ್ಲಿ ಈಗ ಮೆಟ್ರೊ ರೈಲಿನ ಡಿಪೊ ಇದೆ. ಐಟಿಐ ಮುಚ್ಚಲೂ ಇಲ್ಲ, ತನ್ನ ಬಲದಿಂದ ನಿಲ್ಲಲೂ ಇಲ್ಲ. ಅದನ್ನು ಬೊಕ್ಕಸವು ಎತ್ತಿ ಹಿಡಿಯಿತು. ಆದುದರಿಂದ ನಮ್ಮ ವಿವೇಚನೆಗೆ ಅದೇ ತಕ್ಕ ನಿದರ್ಶನ.

3

ಐಟಿಐ ತನ್ನ ಮೊದಲ ನಾಲ್ಕು ದಶಕಗಳಲ್ಲಿ ಒಬ್ಬನೇ ಗಿರಾಕಿಗೆ ಒಬ್ಬನೇ ಮಾರಾಟಗಾರನಾಗಿತ್ತು. ಅಂಚೆ ಮತ್ತು ತಂತಿ ಇಲಾಖೆ ಬೇಡಿಕೆಯನ್ನು ಸಲ್ಲಿಸುವುದು, ಕಾರ್ಖಾನೆ ಅದನ್ನು ಪೂರೈಸುವುದು, ತಯಾರಿಕೆಯ ವೆಚ್ಚದ ಮೇಲೆ ಇಂತಿಷ್ಟು ಸೇರಿಸಿ ಬೆಲೆ ಕಟ್ಟುವುದು - ಇದು ಅಲ್ಲಿನ ಪದ್ಧತಿ. ತಂತ್ರಜ್ಞಾನವು ಮೊದಲು ಇಂಗ್ಲೆಂಡಿನಿಂದಲೂ, 1964ರಲ್ಲಿ ಬೆಲ್ಜಿಯಮಿನಿಂದಲೂ, 1982ರಲ್ಲಿ ಫ್ರಾನ್ಸಿನಿಂದಲೂ ಬಂದಿತು. ಶ್ರೀನಗರ, ನೈನಿ, ರಾಯಬರೇಲಿ, ಪಾಲಕ್ಕಾಡು, ಮಂಕಾಪುರಗಳಲ್ಲಿ ಶಾಖೆಗಳು ತೆರೆದವು. ಈ ಕಾರ್ಖಾನೆಯ ಆಡಳಿತ ಮತ್ತು ಕಾರ್ಮಿಕ ಜೀವನವನ್ನು ಕುರಿತು ದಿಲೀಪ್ ಸುಬ್ರಮಣಿಯನ್ ಅವರು 2010ರಲ್ಲಿ ಪ್ರಕಟಿಸಿದ ಗ್ರಂಥವನ್ನು ಆಸಕ್ತ ವಿದ್ಯಾರ್ಥಿಗಳು ಓದತಕ್ಕದ್ದು.

ಇಲ್ಲಿ ಒಂದು ಅಂಶವನ್ನು ಮನಗಾಣಬೇಕು. ಗಿರಾಕಿಯೂ ಸರ್ಕಾರ, ಒಡೆಯನೂ ಸರ್ಕಾರ, ಬೆಲೆಯನ್ನು ಗೊತ್ತುಮಾಡುವವನೂ ಸರ್ಕಾರ ಆದಾಗ ಲಾಭವೆಂಬುದು ಮಾರುಕಟ್ಟೆಯ ತೀರ್ಪಾಗದೆ ಆಡಳಿತದ ಒಂದು ನಿರ್ಣಯವಾಗುತ್ತದೆ. ಅಂತಹ ಲಾಭದಿಂದ ಅಧಿಕಾರಿಯ ದಕ್ಷತೆಯನ್ನು ಅಳೆಯುವುದು ಕಷ್ಟ. ಮುಂದೆ ಬಂದ ತೊಡಕಿನ ಬೀಜ ಇಲ್ಲಿಯೇ ಇತ್ತು.

1991ರ ಉದಾರೀಕರಣದಿಂದ ದೂರಸಂಪರ್ಕ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ತೆರೆಯಿತು. ಬಹುರಾಷ್ಟ್ರೀಯ ಸಂಸ್ಥೆಗಳು ಕಡಿಮೆ ಬೆಲೆಗೆ ಟೆಂಡರು ಹಾಕಿದವು; ಉಪಕರಣಗಳ ದರ ಥಟ್ಟನೆ ಕುಸಿಯಿತು. ಸ್ಥಿರ ದೂರವಾಣಿಯ ಜಾಗಕ್ಕೆ ಮೊಬೈಲು ಬಂದಿತು. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ನೌಕರರಿದ್ದ ಸಂಸ್ಥೆಯಲ್ಲಿ ಸ್ವಯಂನಿವೃತ್ತಿಯ ಯೋಜನೆಗಳು ಒಂದರ ಹಿಂದೊಂದು ಜಾರಿಯಾದವು. 2004ರಲ್ಲಿ ಐಟಿಐಯನ್ನು ಪೀಡಿತ ಉದ್ದಿಮೆಗಳ ಮಂಡಳಿಗೆ ಒಪ್ಪಿಸಲಾಯಿತು. ಕೊನೆಗೆ 2014ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು 4,156.79 ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಯನ್ನು ಒಪ್ಪಿತು. ಅದರಲ್ಲಿ 2,264 ಕೋಟಿ ಬಂಡವಾಳ ವೆಚ್ಚಕ್ಕೆ, ಉಳಿದ 1,892.79 ಕೋಟಿ ಹಿಂದಿನ ಹೊಣೆಗಳನ್ನು ತೀರಿಸಲು ಕೊಟ್ಟ ಸಹಾಯಧನ. ಮೊದಲನೆಯದು ನಾಳೆಗಾಗಿ ಹೂಡಿದ ಹಣ, ಎರಡನೆಯದು ನಿನ್ನೆಯ ಬಾಕಿಯನ್ನು ತೆತ್ತ ಹಣ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

4

ಇನ್ನು ಅಧಿಕಾರಿಗಳ ಪ್ರತಿಫಲದ ಕಡೆಗೆ ತಿರುಗೋಣ. ಭಾರತದಲ್ಲಿ ಇದರ ಚರಿತ್ರೆಯು ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿಯಿಂದ ಮೊದಲಾಗುತ್ತದೆ. ಷೇರುದಾರರ ಕಂಪನಿಯನ್ನು ಇನ್ನೊಂದು ಮನೆತನದ ಕೋಠಿಯು ನಡೆಸಿಕೊಡುವುದು, ಅದಕ್ಕಾಗಿ ಕಮಿಷನ್ ಪಡೆಯುವುದು ಆ ಪದ್ಧತಿಯ ಲಕ್ಷಣ. ಹಲವು ಗಿರಣಿಗಳಲ್ಲಿ ಈ ಕಮಿಷನ್ ತಯಾರಿಕೆಯ ಅಥವಾ ಮಾರಾಟದ ಮೇಲೆ ನಿಗದಿಯಾಗಿತ್ತು; ಷೇರುದಾರನಿಗೆ ನಷ್ಟವಾದ ವರ್ಷದಲ್ಲಿಯೂ ಏಜೆಂಟನಿಗೆ ಆದಾಯ ತಪ್ಪುತ್ತಿರಲಿಲ್ಲ. ಈ ಅನ್ಯಾಯವನ್ನು ತಿದ್ದಲು 1936ರ ತಿದ್ದುಪಡಿಯು ಕಮಿಷನ್ನನ್ನು ನಿವ್ವಳ ಲಾಭಕ್ಕೆ ಕಟ್ಟಿತು. 1956ರ ಕಂಪನಿ ಕಾಯಿದೆಯು ಏಜೆಂಟರ ಪಾಲನ್ನು ನಿವ್ವಳ ಲಾಭದ ನೂರಕ್ಕೆ 10ಕ್ಕೂ, ಆಡಳಿತವರ್ಗದ ಒಟ್ಟು ಪ್ರತಿಫಲವನ್ನು ನೂರಕ್ಕೆ 11ಕ್ಕೂ ಮಿತಗೊಳಿಸಿತು. 1970ರ ಏಪ್ರಿಲಿನಲ್ಲಿ ಏಜೆನ್ಸಿ ಪದ್ಧತಿಯೇ ರದ್ದಾಯಿತು. ಆದರೆ ನೂರಕ್ಕೆ 11ರ ಮಿತಿಯು 2013ರ ಕಾಯಿದೆಯಲ್ಲಿಯೂ ಉಳಿದುಕೊಂಡಿದೆ.

ಕಾರ್ಮಿಕನ ಬೋನಸ್ಸು ಬೇರೊಂದು ದಾರಿಯಲ್ಲಿ ಬೆಳೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಗಿರಣಿಗಳಲ್ಲಿ ಯುದ್ಧದ ಬೋನಸ್ಸಾಗಿ ಅದು ಆರಂಭವಾಯಿತು. ಆಗ ಅದು ಧಣಿಯ ಔದಾರ್ಯ. ಮುಂದೆ ನ್ಯಾಯಮಂಡಳಿಗಳ ತೀರ್ಪುಗಳಿಂದ ಹಕ್ಕಿನ ರೂಪವನ್ನು ಪಡೆದು 1965ರಲ್ಲಿ ಶಾಸನವಾಯಿತು. ಅದರಂತೆ ನಷ್ಟದ ವರ್ಷದಲ್ಲಿಯೂ ಕನಿಷ್ಠ ಬೋನಸ್ಸು ಸಲ್ಲತಕ್ಕದ್ದು. ಆ ಕನಿಷ್ಠವು ಮೊದಲು ನೂರಕ್ಕೆ 4, ಆಮೇಲೆ 8.33, ಗರಿಷ್ಠ 20. ಆ ಶಾಸನವು ಈಗ 2019ರ ವೇತನ ಸಂಹಿತೆಯಲ್ಲಿ ಅಡಗಿದೆ. ಸಂಹಿತೆಯು 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ವರ್ಷಕ್ಕೆ ಒಂದು ತಿಂಗಳ ಸಂಬಳಕ್ಕೆ ಸಮವಾದ ಈ ಕನಿಷ್ಠವನ್ನು ತಡವಾಗಿ ಬಂದ ಕೂಲಿಯೆಂದೇ ಭಾವಿಸಬೇಕು. ಅಧಿಕಾರಿಯ ಬೋನಸ್ಸಾದರೋ ಕೆಲಸದ ಫಲದಲ್ಲಿ ಪಾಲು. ಎರಡಕ್ಕೂ ಒಂದೇ ಹೆಸರಿರುವುದರಿಂದ ವಾದಗಳಲ್ಲಿ ಗೊಂದಲವುಂಟಾಗುತ್ತದೆ.

ಸರ್ಕಾರಿ ಕಂಪನಿಗಳಿಗೆ ಮೇಲೆ ಹೇಳಿದ ನೂರಕ್ಕೆ 11ರ ವಿಧಿಯಿಂದ 2015ರಲ್ಲಿ ವಿನಾಯಿತಿ ದೊರೆಯಿತು. ಅಲ್ಲಿನ ಅಧಿಕಾರಿಗಳ ಪ್ರತಿಫಲವನ್ನು ಕೇಂದ್ರದ ಸಾರ್ವಜನಿಕ ಉದ್ದಿಮೆಗಳ ಇಲಾಖೆಯ ಆಜ್ಞೆಗಳು ಆಳುತ್ತವೆ. ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಸಮಿತಿಯ ವರದಿಯನ್ನನುಸರಿಸಿ 2008ರ ನವೆಂಬರಿನಲ್ಲಿ ಹೊರಟ ಆಜ್ಞೆಯು, ಕಾರ್ಯಸಾಧನೆಗೆ ತಕ್ಕ ವೇತನವೆಂಬ ಹೆಸರಿನಲ್ಲಿ ಈ ಬೋನಸ್ಸನ್ನು ವ್ಯವಸ್ಥೆಗೊಳಿಸಿತು. ಆ ವರ್ಷದ ಲಾಭದ ನೂರಕ್ಕೆ 3, ಹಿಂದಿನ ವರ್ಷಕ್ಕಿಂತ ಹೆಚ್ಚಾದ ಲಾಭದ ನೂರಕ್ಕೆ 10, ಇವೆರಡೂ ಕೂಡಿ ಒಟ್ಟು ಲಾಭದ ನೂರಕ್ಕೆ 5ನ್ನು ಮೀರಬಾರದು ಎಂಬುದು ಅದರ ಸಾರ. ದೊಡ್ಡ ಉದ್ದಿಮೆಗಳ ಅಧ್ಯಕ್ಷರಿಗೆ ಮೂಲವೇತನದ ನೂರಕ್ಕೆ 200ರವರೆಗೆ ಅವಕಾಶವಿತ್ತು. ನ್ಯಾಯಮೂರ್ತಿ ಸತೀಶ್ ಚಂದ್ರ ಸಮಿತಿಯ ತರುವಾಯ 2017ರ ಆಗಸ್ಟಿನಲ್ಲಿ ಬಂದ ಆಜ್ಞೆಯು ಈ ಮಿತಿಯನ್ನು 150ಕ್ಕೆ ಇಳಿಸಿತು. ಅದಕ್ಕಿಂತ ಮುಖ್ಯವಾಗಿ, ಬೋನಸ್ಸಿಗೆ ಆಧಾರವಾದ ಲಾಭವು ಉದ್ದಿಮೆಯ ಮೂಲವ್ಯವಹಾರದಿಂದಲೇ ಬಂದುದಾಗಿರಬೇಕು, ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದ ಹಣದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ವಿಧಿಸಿತು. ಪೀಡಿತ ಉದ್ದಿಮೆಗಳಲ್ಲಿ ವೇತನ ಪರಿಷ್ಕರಣೆಯು ಸರ್ಕಾರವು ಒಪ್ಪಿದ ಪುನಶ್ಚೇತನ ಯೋಜನೆಗೆ ಅಧೀನವಾಗಿತ್ತು.

ಈ ವ್ಯವಸ್ಥೆಯಲ್ಲಿ ಎಐಜಿಯಂತಹ ಪ್ರಸಂಗಕ್ಕೆ ಅವಕಾಶ ಕಡಿಮೆ. ಲಾಭವಿಲ್ಲದೆ ಬೋನಸ್ಸಿಲ್ಲ, ಹಳೆಯ ಕರಾರಿನ ನೆಪವೂ ಇಲ್ಲಿ ನಿಲ್ಲದು. ಇಷ್ಟಕ್ಕೇ ನಮ್ಮ ವಿವೇಚನೆ ಮುಗಿಯಿತೆ? ಇಲ್ಲ.

5

ನೆರವು ಪಡೆದ ಉದ್ದಿಮೆಯಲ್ಲಿ ಲಾಭವೆಂದರೇನು ಎಂಬುದೇ ಉಳಿದ ಪ್ರಶ್ನೆ. ಹಿಂದಿನ ಹೊಣೆಗಳನ್ನು ತೀರಿಸಲು ಸರ್ಕಾರವು ಕೊಡುವ ಸಹಾಯಧನವು, ಲೆಕ್ಕಶಾಸ್ತ್ರದ ಸ್ಥಾಪಿತ ನಿಯಮದಂತೆ, ಲಾಭನಷ್ಟದ ಪಟ್ಟಿಯಲ್ಲಿ ಆದಾಯದ ಕಡೆಗೆ ಸೇರುತ್ತದೆ. ಆ ಹೊಣೆಗಳು ಹುಟ್ಟಿದ್ದು ಹಿಂದಿನ ವರ್ಷಗಳಲ್ಲಿ. ಆದುದರಿಂದ ಖರ್ಚು ಆ ವರ್ಷಗಳ ನಷ್ಟವಾಗಿ ಕಾಣುತ್ತದೆ, ಸಹಾಯಧನ ಈ ವರ್ಷದ ಲಾಭವಾಗಿ ಕಾಣುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ನಿಯಮ ಪಾಲನೆಯೇ ಇದೆ. ಆದರೂ ತೆರಿಗೆದಾರನು ಕೊಟ್ಟ ಹಣವು ಕಾಗದದ ಮೇಲೆ ಉದ್ದಿಮೆಯು ಗಳಿಸಿದ ಹಣದ ವೇಷವನ್ನು ಧರಿಸಿ ನಿಲ್ಲುತ್ತದೆ.

ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾದೀತು. ಕಾರ್ಖಾನೆಯೊಂದು ವರ್ಷದ ವ್ಯವಹಾರದಲ್ಲಿ 50 ಕೋಟಿ ಕಳೆದುಕೊಂಡಿತೆನ್ನೋಣ. ಅದೇ ವರ್ಷ ಹಳೆಯ ಬಾಕಿಗಾಗಿ 200 ಕೋಟಿ ಸಹಾಯಧನ ಬಂದರೆ ಪಟ್ಟಿಯ ಕೊನೆಯಲ್ಲಿ 150 ಕೋಟಿ ಲಾಭ ಕಾಣುತ್ತದೆ. ನೂರಕ್ಕೆ 5ರ ಸೂತ್ರವನ್ನು ಕಣ್ಣುಮುಚ್ಚಿ ಅನ್ವಯಿಸಿದರೆ ಏಳೂವರೆ ಕೋಟಿಯವರೆಗೆ ಬೋನಸ್ಸಿಗೆ ದಾರಿಯಾಗುತ್ತದೆ. ಮೂಲವ್ಯವಹಾರದ ಲಾಭವೆಂಬ 2017ರ ಮಾತನ್ನು ಅನ್ವಯಿಸಿದರೆ ಬೋನಸ್ಸು ಸೊನ್ನೆ. ಒಂದು ಪದಪುಂಜದಲ್ಲಿ ತೆರಿಗೆದಾರನ ರಕ್ಷಣೆ ಅಡಗಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಐಟಿಐಯ ಇತ್ತೀಚಿನ ಲೆಕ್ಕಗಳು ಈ ಎಚ್ಚರಿಕೆಯ ಅಗತ್ಯವನ್ನು ತೋರಿಸುತ್ತವೆ. ಪುನಶ್ಚೇತನದ ನಂತರ ಕೆಲವು ವರ್ಷಗಳ ಪಟ್ಟಿಗಳು ಲಾಭವನ್ನು ತೋರಿದವು. ಸೇನೆಯ ಸಂಪರ್ಕಜಾಲಕ್ಕಾಗಿ 2020ರಲ್ಲಿ ಸುಮಾರು 7,796 ಕೋಟಿ ರೂಪಾಯಿಗಳ ದೊಡ್ಡ ಗುತ್ತಿಗೆಯೂ ಕೈಗೆ ಬಂದಿತು. ಆದರೆ 2022-23ರಲ್ಲಿ ಸುಮಾರು 360 ಕೋಟಿಯ, 2023-24ರಲ್ಲಿ ಸುಮಾರು 569 ಕೋಟಿಯ ನಷ್ಟ ಮತ್ತೆ ಕಾಣಿಸಿಕೊಂಡಿತು. ಪುನಶ್ಚೇತನವು ಒಂದೆರಡು ವರ್ಷಗಳ ಪಟ್ಟಿಯಿಂದ ತೀರ್ಮಾನವಾಗುವ ಸಂಗತಿಯಲ್ಲ. ಹಾಗಿರುವಾಗ ಒಂದೊಂದು ವರ್ಷದ ಲಾಭವನ್ನೇ ನಂಬಿ ಕೊಡುವ ಬೋನಸ್ಸು ನೆಲೆಯಿಲ್ಲದ ಕಟ್ಟಡ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮರೆತರೆ ನಮ್ಮ ವಾದ ಏಕಪಕ್ಷೀಯವಾಗುತ್ತದೆ. ಮುಳುಗುವ ಹಡಗನ್ನು ದಡಕ್ಕೆ ತರಲು ದಕ್ಷನಾದ ನಾವಿಕನೇ ಬೇಕು. ಲಾಭದ ಉದ್ದಿಮೆಯ ಎಂಜಿನಿಯರನಿಗೆ ಬೋನಸ್ಸು, ಪೀಡಿತ ಉದ್ದಿಮೆಯ ಎಂಜಿನಿಯರನಿಗೆ ಹಳೆಯ ವೇತನಶ್ರೇಣಿ ಎಂದಾದರೆ ಎರಡನೆಯವನು ಅಲ್ಲಿ ಏಕೆ ಉಳಿದಾನು? ವೇತನದ ಹೋಲಿಕೆಯು ಈ ನಗರದಲ್ಲಿ ಹಿಂದೆಯೂ ದೊಡ್ಡ ಕಲಹಕ್ಕೆ ಕಾರಣವಾಗಿತ್ತು. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನವನ್ನೇ ಕೇಳಿದ್ದರು. ಆದುದರಿಂದ ಪೀಡಿತ ಉದ್ದಿಮೆಯ ಅಧಿಕಾರಿಗೆ ಬೋನಸ್ಸು ಎಂದೂ ಕೂಡದು ಎಂಬುದು ನಮ್ಮ ವಾದವಲ್ಲ. ಅದು ಸಹಾಯಧನವನ್ನು ಕಳೆದ ಲಾಭದಿಂದ ಬರಲಿ, ಕಾರ್ಮಿಕರ ಭವಿಷ್ಯನಿಧಿ ಮತ್ತು ಉಪದಾನಗಳು ಸಂದ ಮೇಲೆ ಬರಲಿ, ಹಲವು ವರ್ಷಗಳ ಸಾಧನೆಯನ್ನು ಒಟ್ಟಿಗೆ ತೂಗಿ ಬರಲಿ ಎಂಬುದಷ್ಟೇ ನಮ್ಮ ನಿಲುವು.

6

ಸರ್ಕಾರಿ ಉದ್ದಿಮೆಯಿಂದ ಖಾಸಗಿ ಉದ್ದಿಮೆಗೆ ಬಂದರೆ ತೆರಿಗೆದಾರನ ಹಣವು ನೇರವಾಗಿ ಬಾರದೆ ಬ್ಯಾಂಕಿನ ಮೂಲಕ ಬರುತ್ತದೆ. ಇದಕ್ಕೆ ನಿದರ್ಶನವು ದಂಡುಪ್ರದೇಶದ ಪಶ್ಚಿಮದ ಅಂಚಿನಲ್ಲಿದೆ. ವಿಠಲ ಮಲ್ಯ ರಸ್ತೆಯಲ್ಲಿ ಕಚೇರಿಯಿದ್ದ ಕಿಂಗ್‌ಫಿಷರ್ ವಿಮಾನಸಂಸ್ಥೆಗೆ ಸಾಲ ಕೊಟ್ಟವುಗಳಲ್ಲಿ ಸ್ಟೇಟ್ ಬ್ಯಾಂಕು ಮೊದಲಾದ ಸರ್ಕಾರಿ ಬ್ಯಾಂಕುಗಳೇ ಹೆಚ್ಚು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಷೇರಿಗೆ 64 ರೂಪಾಯಿ 48 ಪೈಸೆಯಂತೆ, ಎಂದರೆ ಅಂದಿನ ಮಾರುಕಟ್ಟೆಯ ದರಕ್ಕಿಂತ ಹೆಚ್ಚಿನ ಬೆಲೆಗೆ, ಷೇರುಗಳಾಗಿ ಪರಿವರ್ತಿಸಿಕೊಂಡವು. 2012ರ ಅಕ್ಟೋಬರಿನಲ್ಲಿ ಸಂಸ್ಥೆಯ ಪರವಾನಗಿ ಅಮಾನತಾಯಿತು. ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. 17 ಬ್ಯಾಂಕುಗಳ ಒಕ್ಕೂಟಕ್ಕೆ ಬರಬೇಕಾದ ಹಣ ಬಡ್ಡಿ ಸೇರಿ 9,000 ಕೋಟಿಯನ್ನು ಮೀರಿತು.

2016ರ ಫೆಬ್ರವರಿಯಲ್ಲಿ ವಿಜಯ ಮಲ್ಯ ಅವರು ಅದೇ ಸಮೂಹಕ್ಕೆ ಸೇರಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಅಧ್ಯಕ್ಷತೆಯನ್ನು ಬಿಡುವುದಕ್ಕಾಗಿ, ಅದನ್ನು ಕೊಂಡಿದ್ದ ಡಿಯಾಜಿಯೊ ಸಂಸ್ಥೆಯು 75 ದಶಲಕ್ಷ ಡಾಲರುಗಳನ್ನು ಕೊಡಲು ಒಪ್ಪಿತು. ಈ ಹಣ ವಿಮಾನಸಂಸ್ಥೆಯ ಗಲ್ಲಾಪೆಟ್ಟಿಗೆಯಿಂದ ಬಂದುದಲ್ಲ. ಆದುದರಿಂದ ಇದನ್ನು ಎಐಜಿಯ ಬೋನಸ್ಸಿಗೆ ಸಮೀಕರಿಸಲಾಗದು. ಆದರೆ ಸರದಿಯ ಪ್ರಶ್ನೆ ಇಲ್ಲಿಯೂ ಎದ್ದಿತು. ಬ್ಯಾಂಕುಗಳ ಕೋರಿಕೆಯ ಮೇರೆಗೆ ಬೆಂಗಳೂರಿನ ಸಾಲವಸೂಲಿ ನ್ಯಾಯಮಂಡಳಿಯು 2016ರ ಮಾರ್ಚಿಯಲ್ಲಿ ಆ ಪಾವತಿಯನ್ನು ತಡೆಹಿಡಿಯಿತು. ಅದರಲ್ಲಿ ಮೊದಲೇ ಸಂದಿದ್ದ 40 ದಶಲಕ್ಷ ಡಾಲರುಗಳ ವರ್ಗಾವಣೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಮಲ್ಯ ಅವರನ್ನು ನ್ಯಾಯಾಂಗ ನಿಂದನೆಯ ದೋಷಿಯೆಂದು ನಿರ್ಣಯಿಸಿ, 2022ರಲ್ಲಿ ಶಿಕ್ಷೆಯನ್ನು ಗೊತ್ತುಮಾಡಿತು. ಅವರ ಸ್ವತ್ತುಗಳಿಂದ 14,131.6 ಕೋಟಿ ರೂಪಾಯಿಗಳನ್ನು ಬ್ಯಾಂಕುಗಳಿಗೆ ಮರಳಿಸಲಾಗಿದೆಯೆಂದು ಕೇಂದ್ರ ಅರ್ಥಸಚಿವರು 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ಆದರೆ ಈ ವಸೂಲಿ ನಡೆಯುವ ಮುನ್ನ, ಇಂತಹ ಅನೇಕ ಸಾಲಗಳ ಭಾರದಿಂದ ಕುಗ್ಗಿದ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿಗಳ ಹೊಸ ಬಂಡವಾಳದ ಯೋಜನೆಯನ್ನು ಸರ್ಕಾರವು 2017ರ ಅಕ್ಟೋಬರಿನಲ್ಲಿ ಪ್ರಕಟಿಸಬೇಕಾಗಿತ್ತು.

ಶಾಸನವು ಇದರಿಂದ ಒಂದು ಪಾಠವನ್ನು ಕಲಿಯಿತೆನ್ನಬಹುದು. ಬ್ಯಾಂಕಿನ ಸಾಲವನ್ನು ತೀರಿಸದೆ ತಪ್ಪಿದ ಕಂಪನಿಯು ನಿಗದಿಯಾದ ಮಿತಿಯನ್ನು ಮೀರಿ ನಿರ್ದೇಶಕರಿಗೆ ಪ್ರತಿಫಲ ಕೊಡಬೇಕಾದರೆ, ಷೇರುದಾರರ ಸಭೆಗಿಂತ ಮೊದಲು ಆ ಬ್ಯಾಂಕಿನ ಒಪ್ಪಿಗೆಯನ್ನು ಪಡೆಯಬೇಕೆಂಬ ವಿಧಿಯು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸರದಿಯಲ್ಲಿ ಸಾಲಿಗನು ಒಂದು ಹೆಜ್ಜೆ ಮುಂದಕ್ಕೆ ಬಂದಿದ್ದಾನೆ.

7

ಈ ವಿವೇಚನೆಯಿಂದ ಹೊರಡುವ ಅಂಶಗಳು ಎರಡು. ಆಡಳಿತವರ್ಗದ ಪ್ರತಿಫಲವನ್ನು ಲಾಭಕ್ಕೆ ಕಟ್ಟಿಹಾಕುವ ಪದ್ಧತಿಯು ನಮ್ಮಲ್ಲಿ 1936ರಿಂದಲೂ ಬೆಳೆದುಬಂದಿದೆ; ಪಶ್ಚಿಮದ ಕೋಲಾಹಲಗಳು ಇಲ್ಲಿ ಅದೇ ರೂಪದಲ್ಲಿ ಮರುಕಳಿಸದಿರಲು ಇದೂ ಒಂದು ಕಾರಣ. ಆದರೆ ನೆರವಿನ ಹಣವೇ ಲಾಭದ ರೂಪವನ್ನು ತಳೆಯಬಲ್ಲ ಉದ್ದಿಮೆಯಲ್ಲಿ ಆ ಕಟ್ಟು ಸಡಿಲವಾಗುತ್ತದೆ. ಅದನ್ನು ಬಿಗಿಗೊಳಿಸುವುದು ಲಾಭದ ವ್ಯಾಖ್ಯೆಯ ಕೆಲಸ.

ಐಟಿಐ ಷೇರು ಮಾರುಕಟ್ಟೆಯಲ್ಲಿ ನೋಂದಾಯಿತವಾದ ಕಂಪನಿ. ಅದರ ವಾರ್ಷಿಕ ವರದಿಗಳು ಯಾರ ಕೈಗಾದರೂ ಸಿಗುತ್ತವೆ. ನಮ್ಮ ವಿದ್ಯಾರ್ಥಿಗಳು 2014ರಿಂದ ಈಚಿನ ವರದಿಗಳನ್ನು ಸಾಲಾಗಿ ಇಟ್ಟುಕೊಂಡು ನಾಲ್ಕು ಅಂಕಣಗಳನ್ನು ಬರೆದುಕೊಳ್ಳಲಿ: ವ್ಯವಹಾರದ ಆದಾಯ, ಸರ್ಕಾರದ ಸಹಾಯಧನ, ನೌಕರರಿಗೆ ಸಲ್ಲಬೇಕಾದ ಬಾಕಿ, ನಿರ್ದೇಶಕರ ಪ್ರತಿಫಲ. ಇದೇ ಕ್ರಮದಿಂದ ಎಚ್‌ಎಎಲ್ ಮತ್ತು ಬಿಇಎಂಎಲ್ ಲೆಕ್ಕಗಳನ್ನು ಹೋಲಿಸಿದರೆ, ಬೆಂಗಳೂರಿನ ಪೂರ್ವಭಾಗದ ಕೈಗಾರಿಕಾ ಚರಿತ್ರೆಯ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಸಾಮಗ್ರಿ ಒದಗುತ್ತದೆ. ಸಮಾಜವು ತನ್ನ ಹಣವನ್ನು ಯಾರ ಕೈಗೆ, ಯಾವ ಷರತ್ತಿನ ಮೇಲೆ ಒಪ್ಪಿಸಿತು ಎಂಬುದು ಶಾಸನ ಪಾಠಗಳಷ್ಟೇ ಶ್ರದ್ಧೆಯಿಂದ ಓದಬೇಕಾದ ವಿಷಯವೆಂದು ನಾವು ಭಾವಿಸುತ್ತೇವೆ.